ಗಂಗುಲಮ್ಮನ ಹೆಸರಿನ ಎರಡು ಹೇಳಿಕೆಗಳು

ಗೌರಿಬಿದನೂರಿನಲ್ಲಿ ಯಾವ ಪಕ್ಷದವರು ನಾಳೆಯ ಪೇಪರಿನಲ್ಲಿ ಏನು ಹೇಳುತ್ತಾರೆ ಅನ್ನುವುದು ನಮ್ಮಂಥ ವರದಿಗಾರರಿಗಿಂತ ಮೊದಲು ತನುಜಳಿಗೆ ಗೊತ್ತಿರುತ್ತಿತ್ತು. ತಾಲ್ಲೂಕು ಕಚೇರಿ ಎದುರಿನ ಸಾಲಿನಲ್ಲಿ ಮುನಿಶಾಮಪ್ಪನವರ ಜೆರಾಕ್ಸ್ ಅಂಗಡಿ. ಒಳಗೆ ಒಂದು ಕಂಪ್ಯೂಟರು, ಅದರ ಮುಂದೆ ಅವಳು. ಪಹಣಿಗೆ ಅರ್ಜಿ, ಬಾಡಿಗೆ ಕರಾರು, ಮದುವೆ ಕಾಗದ ಇವುಗಳ ನಡುವೆ ಎಲ್ಲ ಪಕ್ಷಗಳ ಪತ್ರಿಕಾ ಹೇಳಿಕೆಗಳೂ ಅವಳ ಬೆರಳ ಕೆಳಗೇ ಹಾದು ಬರುತ್ತಿದ್ದವು. ಬೆಳಿಗ್ಗೆ ಒಂದು ಪಕ್ಷದ ಖಂಡನೆ, ಮಧ್ಯಾಹ್ನ ಇನ್ನೊಂದರ ತಿರುಗೇಟು. ಎರಡಕ್ಕೂ ಕಾಗುಣಿತ ತಿದ್ದುವವಳು ಅವಳೇ. ಒಬ್ಬರದನ್ನು ಇನ್ನೊಬ್ಬರಿಗೆ ತೋರಿಸುತ್ತಿರಲಿಲ್ಲ. ಆ ನಂಬಿಕೆಯ ಮೇಲೆ ಎಲ್ಲರೂ ಅಲ್ಲಿಗೆ ಬರುತ್ತಿದ್ದರು.

ನಾನು ಆಗ ಒಂದು ದಿನಪತ್ರಿಕೆಗೆ ತಾಲ್ಲೂಕು ವರದಿಗಾರ. ಹೆಸರಿಗೆ ವರದಿಗಾರ, ಅರ್ಧ ಕೆಲಸ ಜಾಹೀರಾತು ತರುವುದು. ಅವಳು ಟೈಪ್ ಮಾಡಿದ್ದನ್ನು ತೆಗೆದುಕೊಂಡು, ಮೇಲೆ ಊರ ಹೆಸರು ಹಾಕಿ, ಬೆಂಗಳೂರಿಗೆ ಫ್ಯಾಕ್ಸ್ ಮಾಡುತ್ತಿದ್ದೆ. ಎಷ್ಟೋ ಸಲ ಒಂದಕ್ಷರ ಬದಲಾಯಿಸುತ್ತಿರಲಿಲ್ಲ. ಹಾಗಾಗಿ ಇದನ್ನು ಹೇಳುವಾಗ ನನ್ನನ್ನು ಹೊರಗಿಟ್ಟು ಹೇಳಲಾರೆ.

ತನುಜಳ ತಂದೆ ಚೆನ್ನರಾಯಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು. ಹಿಂದೂಪುರದ ಕಡೆ ಹೋಗುವ ಹಳಿಯ ಮೇಲೆ ಸುತ್ತಿಗೆ ಹಿಡಿದು ಮೂವತ್ತು ವರ್ಷ ನಡೆದರು. ಮನೆಯ ಗೋಡೆಯ ಮೇಲೆ ಬುದ್ಧ, ಪಕ್ಕದಲ್ಲಿ ಅಂಬೇಡ್ಕರ್. ಅವರು ಓದಿದ್ದು ನಾಲ್ಕನೇ ಕ್ಲಾಸು. ಅದೇ ಕಾರಣಕ್ಕೋ ಏನೋ, ಬರಹಕ್ಕೆ ಬಹಳ ಬೆಲೆ ಕೊಡುತ್ತಿದ್ದರು. ಪಿಯುಸಿ ಆದ ಮೇಲೆ ಮಗಳನ್ನು ಟೈಪಿಂಗ್ ಕ್ಲಾಸಿಗೆ ಕರೆದುಕೊಂಡು ಹೋದವರೂ ಅವರೇ. ಅವಳು ಕನ್ನಡ ಟೈಪಿಂಗಿನಲ್ಲಿ ಸೀನಿಯರ್ ಪರೀಕ್ಷೆ ಪಾಸಾದಳು. ಸರ್ಕಾರಿ ಕೆಲಸದ ಪಟ್ಟಿಯಲ್ಲಿ ಎರಡು ಸಲ ಹೆಸರು ಹತ್ತಿರ ಬಂದು ತಪ್ಪಿತು. ಆಮೇಲೆ ಮುನಿಶಾಮಪ್ಪನವರ ಅಂಗಡಿ. ನಾನು ನೋಡುವ ಹೊತ್ತಿಗೆ ಅವಳಿಗೆ ಮೂವತ್ತು ದಾಟಿತ್ತು. ಮಾತು ಕಡಿಮೆ. ಪರದೆಯಿಂದ ಕಣ್ಣು ತೆಗೆಯದೆ, “ಇಲ್ಲಿ ‘ದುರುದೇಶ’ ಅಂತ ಬರ್ದಿದ್ದೀರ, ಅದಕ್ಕೆ ಒತ್ತು ಬೇಕು,” ಅನ್ನುವಳು. ಅಷ್ಟೇ.

ಎರಡು ಸಾವಿರದ ಎಂಟರ ವಿಧಾನಸಭಾ ಚುನಾವಣೆ. ಬೇಸಿಗೆಯ ನಡುಮಧ್ಯ. ಒಂದು ಪಕ್ಷದ ದೊಡ್ಡ ನಾಯಕರ ಸಭೆ ಗೌರಿಬಿದನೂರಿನ ಮೈದಾನದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಎಂದು ನಿಗದಿಯಾಗಿತ್ತು. ಹಳ್ಳಿಹಳ್ಳಿಗೆ ಟ್ರ್ಯಾಕ್ಟರು, ಟೆಂಪೋ ಹೋಗಿದ್ದವು. ಹತ್ತು ಗಂಟೆಗೆ ನಗರಗೆರೆ ಕಡೆಯ ಒಬ್ಬ ಮುದುಕ ತನುಜಳ ಅಂಗಡಿಗೆ ಬಂದ. ಹೆಸರು ಆವುಲಪ್ಪ. ಸುಮಾರು ಅರವತ್ತೈದು ವರ್ಷ. ತನ್ನೂರಿನ ಹೆಣ್ಣುಮಕ್ಕಳು ಹೈಸ್ಕೂಲಿಗೆ ಮೂರು ಮೈಲಿ ನಡೆಯುತ್ತಾರೆ, ಬೆಳಗಿನ ಹೊತ್ತು ಒಂದು ಬಸ್ಸು ಬಿಡಿಸಿಕೊಡಿ ಎಂದು ನಾಯಕರ ಕೈಗೇ ಕಾಗದ ಕೊಡಬೇಕಿತ್ತು ಅವನಿಗೆ.

“ನಾನು ಯಾವ ಪಾರ್ಟಿನೂ ಅಲ್ಲಮ್ಮ. ಗಾಡಿ ಬಂತು, ಹತ್ಕೊಂಡ್ ಬಂದೆ. ಕಾಗ್ದ ಕೊಡಕ್ಕೆ ಇದೇ ಸಮಯ ಅಲ್ವಾ?” ಅಂದ. ಅವಳು ಟೈಪ್ ಮಾಡಿ, ಓದಿ ಹೇಳಿದಳು. ಅವನು ತೆಲುಗಿನಲ್ಲಿ ಸಹಿ ಹಾಕಿ, ಮಡಿಸಿ, ಅಂಗಿಯ ಒಳಜೇಬಿಗೆ ಇಟ್ಟುಕೊಂಡ.

ನಾಯಕರು ಬಂದಿದ್ದು ನಾಲ್ಕು ಗಂಟೆಗೆ. ಅಲ್ಲಿವರೆಗೆ ಜನರನ್ನು ಬಿಸಿಲಿನಲ್ಲಿ ಕೂರಿಸಿದ್ದರು. ಮೈದಾನ ಖಾಲಿ ಕಂಡರೆ ಟಿವಿಯವರು ಅದನ್ನೇ ತೋರಿಸುತ್ತಾರೆಂದು ಬಿದಿರು ಬೊಂಬುಗಳ ಅಡ್ಡಗಟ್ಟೆ ಬಿಗಿದು, ಯಾರೂ ಎದ್ದು ಹೋಗದಂತೆ ಕಾರ್ಯಕರ್ತರನ್ನು ನಿಲ್ಲಿಸಿದ್ದರು. ನಾನು ಪತ್ರಕರ್ತರ ಶಾಮಿಯಾನದ ಕೆಳಗೆ, ತಣ್ಣನೆ ನೀರಿನ ಬಾಟಲಿ ಹಿಡಿದು ಕೂತಿದ್ದೆ. ಎರಡೂವರೆ ಹೊತ್ತಿಗೆ ಜನರ ನಡುವೆ ಏನೋ ಗದ್ದಲವಾಯಿತು. ಆವುಲಪ್ಪ ಎದ್ದು ನೀರಿಗೆ ಹೋಗಬೇಕೆಂದನಂತೆ. ಕೂತ್ಕೊಳ್ಳಿ ತಾತ, ಈಗ ಬಂದುಬಿಡ್ತಾರೆ, ಅಂದರಂತೆ. ಕೂತವನು ಹಾಗೇ ಪಕ್ಕಕ್ಕೆ ವಾಲಿದ. ಅಡ್ಡಗಟ್ಟೆ ದಾಟಿಸಿ ಆಟೋಗೆ ಹಾಕುವ ಹೊತ್ತಿಗೆ ಜೀವ ಹೋಗಿತ್ತು. ಸಭೆ ನಡೆಯಿತು. ನಾಯಕರು ನಲವತ್ತು ನಿಮಿಷ ಮಾತಾಡಿದರು.

ಸಂಜೆ ಆರಕ್ಕೆ ಆ ಪಕ್ಷದ ಪ್ರಚಾರ ನೋಡಿಕೊಳ್ಳುತ್ತಿದ್ದ ಮೋಹನ್‌ಬಾಬು ತನುಜಳ ಮುಂದೆ ಕೂತ. ಜಮೀನ್ದಾರರ ಮನೆಯ ಹುಡುಗ, ಬಿ.ಕಾಂ. ಓದಿದವನು, ಮಾತಿನಲ್ಲಿ ಯಾವತ್ತೂ ಒರಟಿಲ್ಲ. ಕೈಬರಹದ ಹಾಳೆ ಕೊಟ್ಟ. ‘ಪಕ್ಷದ ನಿಷ್ಠಾವಂತ ಕಾರ್ಯಕರ್ತ ಆವುಲಪ್ಪನವರು ನೆಚ್ಚಿನ ನಾಯಕರ ಆಗಮನದ ಸಂಭ್ರಮದಲ್ಲಿ ಹೃದಯಾಘಾತಕ್ಕೊಳಗಾಗಿ...’ ಕೊನೆಗೆ ಒಂದು ಸಾಲು: ‘ನನ್ನ ಪತಿ ಪಕ್ಷಕ್ಕಾಗಿ ಪ್ರಾಣ ಬಿಟ್ಟಿದ್ದು ನನಗೆ ಹೆಮ್ಮೆ ಎಂದು ಪತ್ನಿ ಗಂಗುಲಮ್ಮ ತಿಳಿಸಿದ್ದಾರೆ.’

ಆ ಸಾಲಿನ ಹತ್ತಿರ ತನುಜಳ ಬೆರಳು ನಿಂತಿತು.

“ಇದು ಅವ್ರು ಹೇಳಿದ್ರಾ ಸಾರ್?”

“ಹೇಳ್ತಾರೆ ಬಿಡಮ್ಮ. ನಾಳೆ ನಾವೇ ಮನೆಗೆ ಹೋಗ್ತಿದ್ದೀವಲ್ಲ. ಪೇಪರ್ ಏಳು ಗಂಟೆಗೆ ಕ್ಲೋಸ್ ಆಗತ್ತೆ, ಬೇಗ ಮಾಡು.”

ಅವಳು ಮಾಡಿದಳು.

ಅರ್ಧ ಗಂಟೆ ಬಿಟ್ಟು ಎದುರು ಪಕ್ಷದ ವೆಂಕಟೇಶ್ ಬಂದ. ಅವನ ಹಾಳೆಯಲ್ಲಿ ಆವುಲಪ್ಪ ಇವರ ಪಕ್ಷದ ಹಿರಿಯ ಹಿತೈಷಿ. ಸಭೆ ನಡೆಸಿದವರು ಬಲವಂತವಾಗಿ ಗಾಡಿಗೆ ಹತ್ತಿಸಿದ್ದರು. ಅಲ್ಲೂ ಗಂಗುಲಮ್ಮ ಇದ್ದಳು: ‘ನನ್ನ ಗಂಡನನ್ನು ಕೊಂದವರಿಗೆ ಜನ ಮತದ ಮೂಲಕ ಪಾಠ ಕಲಿಸಲಿ ಎಂದು ಕಣ್ಣೀರಿಟ್ಟರು.’ ಈ ಸಲ ತನುಜ ಏನೂ ಕೇಳಲಿಲ್ಲ. ಟೈಪ್ ಮಾಡಿ, ಪ್ರಿಂಟ್ ತೆಗೆದು, ಅವನ ಕೈಗೆ ಕೊಟ್ಟಳು. ಎರಡನ್ನೂ ನಾನೇ ಫ್ಯಾಕ್ಸ್ ಮಾಡಿದೆ. ಮರುದಿನ ನಮ್ಮ ಪೇಪರಿನ ಜಿಲ್ಲಾ ಪುಟದಲ್ಲಿ ಎರಡೂ ಅಕ್ಕಪಕ್ಕ ಬಂದವು. ಒಂದೇ ಹೆಂಗಸು ಒಂದು ಕಾಲಂನಲ್ಲಿ ಹೆಮ್ಮೆಪಟ್ಟಳು, ಪಕ್ಕದ ಕಾಲಂನಲ್ಲಿ ಶಾಪ ಹಾಕಿದಳು.

ಆ ದಿನ ತನುಜ ಅಂಗಡಿಗೆ ಬರಲಿಲ್ಲ. ಪೇಪರು ಮಡಿಸಿ ಚೀಲಕ್ಕೆ ಹಾಕಿಕೊಂಡು ನಗರಗೆರೆ ಬಸ್ಸು ಹತ್ತಿದಳು. ಅಲ್ಲಿಂದ ನಡೆದು ಆ ಊರು ಸೇರಿದಾಗ ಮಣ್ಣು ಮಾಡಿ ಬಂದಿದ್ದರು. ಗಂಗುಲಮ್ಮ ಗೋಡೆಗೆ ಒರಗಿ ಕೂತಿದ್ದಳು. ಎರಡು ಪಕ್ಷದವರೂ ಬೆಳಿಗ್ಗೆ ಬಂದು, ಹಾರ ಹಾಕಿ, ಫೋಟೋ ತೆಗೆಸಿಕೊಂಡು ಹೋಗಿದ್ದರು. ತಮ್ಮ ಬಾವುಟ ಹೊದಿಸುವುದಕ್ಕೆ ಹೆಣದ ಪಕ್ಕದಲ್ಲೇ ಎಳೆದಾಡಿದ್ದರಂತೆ.

ತನುಜ ಹೆಂಗಸರ ನಡುವೆ ಕೂತು ತಾನು ಯಾರೆಂದು ಹೇಳಿದಳು. “ಅಮ್ಮ, ನಿಮ್ಮ ಹೆಸ್ರಲ್ಲಿ ಪೇಪರಲ್ಲಿ ಎರಡು ಮಾತು ಬಂದೈತೆ. ಎರಡನ್ನೂ ಟೈಪ್ ಮಾಡ್ದೋಳು ನಾನು. ಓದ್ತೀನಿ, ಕೇಳಿ.”

ಓದಿದಳು. ಗಂಗುಲಮ್ಮ, “ನೇನು ಎವರಿತೋನೂ ಮಾಟ್ಲಾಡಲೇದು ತಲ್ಲೀ,” ಅಂದಳು. ಯಾರ ಜೊತೆನೂ ನಾನು ಮಾತೇ ಆಡಿಲ್ಲ ತಾಯಿ, ಅಂತ. ಮತ್ತೆ ಕನ್ನಡದಲ್ಲಿ, “ಬಾಯಿ ಇಲ್ದೋಳು ಅಂದ್ಕೊಂಡ್ರಾ ನನ್ನ?” ಎಂದು ಕೇಳಿದಳು.

ತನುಜ ಅವಳ ಕಾಲು ಹಿಡಿದಳು. ಗಂಗುಲಮ್ಮ ಬಿಡಿಸಿಕೊಳ್ಳಲೂ ಇಲ್ಲ, ಎಬ್ಬಿಸಲೂ ಇಲ್ಲ.

“ನೀವೇನು ಹೇಳ್ಬೇಕೋ ಹೇಳಿ. ಅದನ್ನೇ ಬರೀತೀನಿ,” ಅಂದಳು ತನುಜ.

ಗಂಗುಲಮ್ಮ ಹೇಳಿದ್ದು ಇಷ್ಟು. ನನ್ನ ಗಂಡ ಯಾವ ಪಾರ್ಟಿಗೂ ಸೇರಿದವನಲ್ಲ. ಊರ ಮಕ್ಕಳಿಗೆ ಬಸ್ಸು ಕೇಳಕ್ಕೆ ಹೋಗಿದ್ದ. ಬಾಯಾರಿಕೆ ಅಂದವನಿಗೆ ಎದ್ದು ಹೋಗಕ್ಕೆ ಬಿಡಲಿಲ್ಲ. ಜೇಬಿನಲ್ಲಿದ್ದ ಕಾಗದ ಹಾಗೇ ವಾಪಸು ಬಂತು. ನಾನು ಅತ್ತಿದ್ದು ಯಾವ ಪೇಪರಿನವರ ಮುಂದೂ ಅಲ್ಲ. ತನುಜ ಅದನ್ನು ಬರೆದು, ಎರಡು ಸಲ ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿಕೊಂಡಳು.

ಸಂಜೆ ಅದನ್ನು ತಂದು ನನ್ನ ಮುಂದೆ ಇಟ್ಟಳು. “ಸಾರ್, ಸುಳ್ಳು ಕೊಟ್ಟಾಗ ಬೇಗ ಹೋಯ್ತು. ಇದನ್ನೂ ಅಷ್ಟೇ ಬೇಗ ಕಳಿಸಿ.”

ಕಳಿಸಿದೆ. ಬೆಂಗಳೂರಿನ ಡೆಸ್ಕಿನವರು ಫೋನಿನಲ್ಲಿ, “ಎರಡೂ ಕಡೆಯವರದ್ದು ಬಂದಿದೆಯಲ್ರೀ. ಬ್ಯಾಲೆನ್ಸ್ ಆಗಿದೆ. ಇನ್ಯಾಕೆ ಕೆದಕ್ತೀರಿ?” ಅಂದರು. ಮರುದಿನ ಎರಡೂ ಪಕ್ಷದ ಪೂರ್ಣಪುಟದ ಜಾಹೀರಾತು ಇತ್ತು. ಎರಡನ್ನೂ ತಂದವನು ನಾನೇ. ನಾನು ವಾದ ಮಾಡಲಿಲ್ಲ. ಆಗ್ರಹದಿಂದ ಒಂದು ಮಾತು ಆಡಿದ್ದರೆ ಬರುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಆಡಲಿಲ್ಲ ಅನ್ನುವುದು ಮಾತ್ರ ಗೊತ್ತು.

ತನುಜ ಬೇರೆ ವರದಿಗಾರರ ಹತ್ತಿರವೂ ಹೋದಳು. ಒಬ್ಬರು ಚುನಾವಣೆ ಮುಗೀಲಿ ಅಂದರು. ಇನ್ನೊಬ್ಬರು ನಿಮಗ್ಯಾಕಮ್ಮ ರಾಜಕೀಯ ಅಂದರು. ಈ ಓಡಾಟದ ಸುದ್ದಿ ಮೋಹನ್‌ಬಾಬು ಕಿವಿಗೂ ವೆಂಕಟೇಶ್ ಕಿವಿಗೂ ಬಿತ್ತು. ಹತ್ತು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡದ ಎರಡು ಪಕ್ಷದವರು ಆ ಒಂದು ವಿಷಯದಲ್ಲಿ ಒಂದೇ ಮಾತು ಆಡಿದರು: ಆ ಹುಡುಗಿ ಇದ್ದರೆ ನಿಮ್ಮ ಅಂಗಡಿಗೆ ನಮ್ಮ ಕೆಲಸ ಬರೋದಿಲ್ಲ. ಮುನಿಶಾಮಪ್ಪನವರು ಕೆಟ್ಟವರಲ್ಲ. ಎರಡು ದಿನ ಒದ್ದಾಡಿದರು. ಮೂರನೇ ದಿನ, “ಸ್ವಲ್ಪ ದಿನ ಮನೇಲಿರಮ್ಮ,” ಅಂದರು. ಅವಳು ತನ್ನ ಚೀಲ ತೆಗೆದುಕೊಂಡು ಹೊರಟಳು.

ಮನೆಯಲ್ಲಿ ತಾಯಿ ಬೈದರು. “ಅಷ್ಟು ಜನ ಸುಳ್ಳು ಬರ್ಸಿದ್ರು, ನಿಂಗೊಬ್ಳಿಗೇ ಯಾಕೆ ಬೇಕಿತ್ತು?” ಚೆನ್ನರಾಯಪ್ಪ ಮಾತ್ರ, “ಬರ್ಸಿದೋರು ಬೇರೆ, ಬರ್ದೋಳು ಇವ್ಳು. ಇವ್ಳಿಗೇ ಬೇಕು,” ಅಂದರಂತೆ. ಅದು ಸಮಾಧಾನವೋ ಆಪಾದನೆಯೋ ತನಗೆ ಇವತ್ತಿಗೂ ತಿಳಿದಿಲ್ಲ ಎಂದಳು ತನುಜ.

ಮತದಾನ ಮುಗಿದು ಹನ್ನೆರಡು ದಿನಕ್ಕೆ, ಓದುಗರ ಪತ್ರಗಳ ಅಂಕಣದಲ್ಲಿ ಗಂಗುಲಮ್ಮನ ಮಾತು ಬಂತು. ನಾನೇ ಅಂಚೆಗೆ ಹಾಕಿದ್ದೆ. ಆರು ಸಾಲಿಗೆ ಇಳಿಸಿದ್ದರು. ಅಡ್ಡಗಟ್ಟೆಯ ವಿಷಯ ತೆಗೆದಿದ್ದರು. ತನುಜ ಅದನ್ನೂ ತೆಗೆದುಕೊಂಡು ಹೋಗಿ ಓದಿ ಹೇಳಿದಳು. ಗಂಗುಲಮ್ಮ ಕೇಳಿಸಿಕೊಂಡು, “ಅರ್ಧ ಬಂದೈತೆ,” ಅಂದಳು. ಊಟ ಮಾಡಿಸಿ ಕಳಿಸಿದಳು.

ತನುಜ ಆಮೇಲೆ ತಾಲ್ಲೂಕು ಕಚೇರಿ ಕಾಂಪೌಂಡಿನ ಹೊರಗೆ ಹಳೇ ಟೈಪ್‌ರೈಟರ್ ಇಟ್ಟುಕೊಂಡು ಕೂತಳು. ಪಿಂಚಣಿ ಅರ್ಜಿ, ಖಾತೆ ಬದಲಾವಣೆ. ಸಂಪಾದನೆ ಅರ್ಧಕ್ಕಿಳಿಯಿತು. ಯಾರದೇ ಅರ್ಜಿಯಾಗಲಿ, ಅವರೇ ಎದುರಿಗೆ ಇರಬೇಕು. ಬರೆದದ್ದನ್ನು ಜೋರಾಗಿ ಓದಿ ಹೇಳಿದ ಮೇಲೇ ಹಾಳೆ ಕೊಡುತ್ತಿದ್ದಳು. ಇದರಿಂದ ಸಾಲು ಉದ್ದವಾಗಿ ಕೆಲವರು ಗೊಣಗಿಕೊಂಡು ಬೇರೆ ಕಡೆ ಹೋಗುತ್ತಿದ್ದರು.

ಮರುವರ್ಷ ಲೋಕಸಭೆ ಚುನಾವಣೆಯ ಹೊತ್ತಿಗೆ ಒಂದು ದಿನ ಕರೆಂಟಿಲ್ಲದೆ ಊರಿನ ಕಂಪ್ಯೂಟರುಗಳೆಲ್ಲ ನಿಂತಿದ್ದವು. ಮೋಹನ್‌ಬಾಬು ಅವಳ ಮೇಜಿನ ಮುಂದೆ ಬಂದು ನಿಂತ. ಕೈಯಲ್ಲಿ ಹಾಳೆ. ಚಿಂತಾಮಣಿ ಕಡೆಯ ರೈತರು ಕೊಟ್ಟ ಹೇಳಿಕೆ ಅದು ಅಂದ, ಕೆಳಗೆ ಹದಿನಾಲ್ಕು ಹೆಸರು. ನಾನೂ ಅಲ್ಲೇ ಇದ್ದೆ.

“ಹಳೇದೆಲ್ಲ ಮರ್ತುಬಿಡಣ ತನುಜಮ್ಮ. ಅರ್ಜೆಂಟಿದೆ,” ಅಂದ.

ಅವಳು ಹಾಳೆ ಪೂರ್ತಿ ಓದಿದಳು. “ಇವ್ರಲ್ಲಿ ಒಬ್ರನ್ನಾದ್ರೂ ಕರ್ಕೊಂಡ್ ಬನ್ನಿ ಸಾರ್. ನಾನು ಕಾಯ್ತೀನಿ,” ಅಂದಳು.

ಅವನು ಹಾಳೆ ವಾಪಸು ಇಸಿದುಕೊಂಡು, ಬೈಕ್ ಹತ್ತಿ ಹೋದ. ಹದಿನಾಲ್ಕು ಜನರ ಹೇಳಿಕೆ ಮರುದಿನ ಬೇರೆ ಪೇಪರುಗಳಲ್ಲಿ ಬಂತು. ಬೇರೆಲ್ಲೋ ಟೈಪ್ ಆಗಿತ್ತು. ನಮ್ಮ ಪೇಪರಿನಲ್ಲಿ ಬರಲಿಲ್ಲ. ಅದನ್ನು ನಾನು ಕಳಿಸಿರಲಿಲ್ಲ. ಯಾಕೆ ತಪ್ಪಿಸಿದಿರಿ ಎಂದು ಆಫೀಸಿನಿಂದ ಫೋನ್ ಬಂದಾಗ, ಆ ರೈತರನ್ನು ನಾನು ಕಂಡು ಮಾತಾಡಿಲ್ಲ ಅಂದೆ. ಎರಡು ತಿಂಗಳಿಗೆ ನನ್ನ ಜಾಗಕ್ಕೆ ಬೇರೆಯವರು ಬಂದರು.