ಬೆರ್ಗಾಮೊದಲ್ಲಿ ನೆರಳಿನ ಬದಿ

ಕಳೆದ ವಾರ ಹೊಸ ಬೂಟು ಕೊಂಡೆ. ಕಾಲು ತೂರಿಸುವ ಮೊದಲು ಒಳಗೆ ಕೈ ಹಾಕಿ ತಡಕಿದೆ. ತೇವ ಹೀರುವ ಹರಳುಗಳ ಪುಟ್ಟ ಪೊಟ್ಟಣ ಬೆರಳಿಗೆ ಸಿಕ್ಕಿತು. ಹೊಸ ತೊಗಲಿನ ವಾಸನೆ. ಪೊಟ್ಟಣವನ್ನು ಅಂಗೈಯಲ್ಲಿ ಹಿಡಿದು ಅಂಗಡಿಯ ಸ್ಟೂಲಿನ ಮೇಲೆ ಕೂತೆ...

ಏಳು ವರ್ಷದ ಹಿಂದಿನ ಮಾತು, ನಾನು ಅಣ್ಣ ಎನ್ನುತ್ತಿದ್ದ ಹಿರಿಯರೊಬ್ಬರದ್ದು. ಅಬುಧಾಬಿಯ ಮುಸಫ್ಫಾದ ವರ್ಕ್‌ಶಾಪಿನಲ್ಲಿ ಅವರು ಫೋರ್‌ಮನ್, ನಾನು ಇನ್‌ಸ್ಪೆಕ್ಟರ್. ಅವರು ಕಾರ್ಕಳದ ಕಡೆಯವರು, ನಾನು ಮೈಸೂರಿನವನು. ಕಂಪನಿ ತರಿಸಲಿದ್ದ ವಾಲ್ವ್‌ಗಳನ್ನು ನೋಡಿ ಬರಲು ಇಬ್ಬರನ್ನೂ ಇಟಲಿಯ ಬೆರ್ಗಾಮೊ ಊರಿಗೆ ಕಳಿಸಿದ್ದರು. ಕೆಲಸ ಬೇಗ ಮುಗಿದು ಒಂದು ದಿನ ಉಳಿಯಿತು. ಆ ದಿನವನ್ನು ನಡೆದೇ ಕಳೆಯಬೇಕೆಂದು ಹಠ ಹಿಡಿದವರು ಅವರೇ. ಇಪ್ಪತ್ತು ವರ್ಷಗಳಿಂದ ಅವರ ನಡಿಗೆಯೆಂದರೆ ಮನೆಯಿಂದ ಕಂಪನಿ ಬಸ್ಸಿನವರೆಗೆ, ಬಸ್ಸಿನಿಂದ ಶೆಡ್ಡಿನವರೆಗೆ.

"ಯಲ್ಲಾ, ನಡಿ ಮಾರಾಯಾ. ಮೈಸೂರಿನವರಿಗೆ ನಡೆಯಲಿಕ್ಕೆ ಬರ್ತದಾ ನೋಡುವ," ಎಂದರು. ಪ್ರಯಾಣಕ್ಕೆಂದೇ ಕೊಂಡ ಬೂಟನ್ನು ಆ ಬೆಳಿಗ್ಗೆ ಮೊದಲ ಸಲ ಹಾಕಿದ್ದರು.

ಹಳೆಯ ಊರು ಗುಡ್ಡದ ಮೇಲೆ, ಕೋಟೆಗೋಡೆಯ ಒಳಗಿತ್ತು. ಮೇಲೆ ಹೋಗಲು ರೈಲಿನಂಥ ಗಾಡಿಯಿತ್ತು, ಹತ್ತಲಿಲ್ಲ. ಕಲ್ಲು ಹಾಸಿದ ಕಡಿದಾದ ಓಣಿಗಳು, ನವೆಂಬರಿನ ಚಳಿ. ಎರಡು ತಾಸು ನಡೆದ ಮೇಲೆ ನನಗೊಂದು ವಿಷಯ ಹೊಳೆಯಿತು. ಊರಿನವರೆಲ್ಲ ಬಿಸಿಲಿನ ಬದಿಯಲ್ಲಿ ನಡೆಯುತ್ತಿದ್ದರು. ನಾವಿಬ್ಬರು ಮಾತ್ರ ಪ್ರತಿ ರಸ್ತೆಯಲ್ಲೂ ನೆರಳಿನ ಬದಿಗೆ ದಾಟಿ, ನಡುಗುತ್ತ ಹೋಗುತ್ತಿದ್ದೆವು. ಹೇಳಿದಾಗ ಅವರು ನಿಂತು ನಕ್ಕರು.

"ಬಿಸಿಲು ಕಂಡ್ರೆ ಕಾಲೇ ಓಡಿಹೋಗ್ತದೆ. ಇವರು ಎಂತ ಗ್ರಹಿಸ್ತಾರೋ, ಎರಡು ಬಾವಲಿ ಬಂದಿದೆ ಅಂತ."

ಬಿಸಿಲಿಗೆ ದಾಟಿದೆವು. ಮುಂದಿನ ತಿರುವಿನಲ್ಲಿ ಮತ್ತೆ ನೆರಳಿಗೇ ಬಂದಿದ್ದೆವು.

ಸಂಜೆ ನಾಲ್ಕರ ಸುಮಾರಿಗೆ ಕೋಟೆಗೋಡೆಯ ಮೇಲೆ ಅವರ ಫೋಟೋ ತೆಗೆದೆ. ಆಮೇಲೆ ಬೆಂಚಿಗೆ ಹೋಗುವಾಗ ಅವರ ಬಲಗಾಲು ಎಳೆಯುತ್ತಿತ್ತು.

"ಬೂಟು ಬಿಚ್ಚಿ ಅಣ್ಣ, ಒಂದ್ಸಲ ನೋಡೋಣ," ಎಂದೆ.

"ಎಂತದೂ ಇಲ್ಲ ಮಾರಾಯಾ," ಎನ್ನುತ್ತಲೇ ಬಿಚ್ಚಿದರು. ಕಾಲುಚೀಲ ಹಿಮ್ಮಡಿಯವರೆಗೆ ಒದ್ದೆಯಾಗಿ ಕೆಂಪಾಗಿತ್ತು. ಬೂಟಿನ ತುದಿಯಲ್ಲಿ, ತೆಗೆಯದೆ ಉಳಿದ ಅಂಥದೇ ಹರಳಿನ ಪೊಟ್ಟಣ ಒಡೆದು ಚಪ್ಪಟೆಯಾಗಿತ್ತು. ಹರಳುಗಳು ಹೆಬ್ಬೆರಳ ಬುಡದ ಮಾಂಸದೊಳಕ್ಕೆ ಹೋಗಿದ್ದವು. ಬೆಳಿಗ್ಗೆಯಿಂದ ಅವರು ಅದರ ಮೇಲೆ ನಡೆದಿದ್ದರು. ಅವರಿಗೆ ಗೊತ್ತೇ ಆಗಿರಲಿಲ್ಲ. ಸಕ್ಕರೆ ಕಾಯಿಲೆ ಪಾದದ ಸ್ಪರ್ಶವನ್ನೇ ತಿಂದುಹಾಕಿತ್ತು.

ಗಾಯವನ್ನು ಬೆರಳಿನಿಂದ ಒತ್ತಿ ನೋಡಿದರು. "ಬೇರೆ ಯಾರದ್ದೋ ಕಾಲು ಇದ್ದ ಹಾಗುಂಟು," ಎಂದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು: "ಆಫೀಸಿನಲ್ಲಿ ಹೇಳ್ಬೇಡ. ಅನ್‌ಫಿಟ್ ಅಂತ ಬರೆದ್ರೆ ನನ್ನ ವೀಸಾ ಖಲಾಸ್. ನನ್ನದು ಹೋದ್ರೆ ಮಗಳದ್ದೂ ಹೋಯ್ತು. ಮಾರ್ಚಿನಲ್ಲಿ ಅವಳಿಗೆ ಅಲ್ಲೇ ಹನ್ನೆರಡನೆಯ ಕ್ಲಾಸಿನ ಪರೀಕ್ಷೆ."

"ಡಾಕ್ಟರಿಗಾದ್ರೂ ತೋರಿಸಿ."

"ಇನ್ಶೂರೆನ್ಸ್ ಕಾರ್ಡ್ ಕೊಟ್ರೆ ಆಫೀಸಿಗೆ ಗೊತ್ತಾಗ್ತದೆ."

ಅದು ಅವರ ನಂಬಿಕೆ. ನಿಜವೋ ಅಲ್ಲವೋ, ನಾನು ಯಾರನ್ನೂ ವಿಚಾರಿಸಲಿಲ್ಲ.

ಮುಸಫ್ಫಾಕ್ಕೆ ಮರಳಿದ ಮೇಲೆ ಊಟದ ಬಿಡುವಿನಲ್ಲಿ ಶೆಡ್ಡಿನ ಹಿಂದೆ ಕೂತು ಗಾಯದ ಹತ್ತಿ ಬದಲಿಸಿಕೊಳ್ಳುತ್ತಿದ್ದರು. ವಾಲ್ವಿನಲ್ಲಿ ಕೂದಲೆಳೆಯಷ್ಟು ಸೋರಿದರೂ ವರದಿ ಬರೆಯುವುದು ನನ್ನ ಕೆಲಸ. ಜನವರಿಯಲ್ಲಿ ಅವರ ಪಕ್ಕ ನಿಂತಾಗ ಬೂಟಿನೊಳಗಿಂದ ವಾಸನೆ ಬಂತು. ನಾನು ಯಾರಿಗೂ ಹೇಳಲಿಲ್ಲ. ಮಗಳು ಕೊನೆಯ ಪರೀಕ್ಷೆ ಬರೆದ ಮರುದಿನ ಅವರೇ ಆಸ್ಪತ್ರೆಗೆ ಹೋದರು. ಮೊಣಕಾಲಿನ ಕೆಳಗೆ ಕತ್ತರಿಸಿದರು. ನಂಜು ಅದಾಗಲೇ ಮೇಲೇರಿತ್ತು. ಹನ್ನೊಂದು ದಿನ ಬದುಕಿದ್ದರು...

ಆ ಮಗಳು ಈಗ ದುಬೈಯಲ್ಲಿ ಕೆಲಸದಲ್ಲಿದ್ದಾಳೆ, ಅಲ್ಲೇ ಮಿರ್ದಿಫ್‌ನಲ್ಲಿ ಮನೆ ಮಾಡಿದ್ದಾಳೆ. ನಿನ್ನೆ ಊಟಕ್ಕೆ ಕರೆದಿದ್ದಳು. ಫೋನಿನಲ್ಲಿ ಆ ಕೋಟೆಗೋಡೆಯ ಫೋಟೋ ತೋರಿಸಿದಳು.

"ಪಪ್ಪ ಎಷ್ಟು ಹ್ಯಾಪಿ ಇದ್ದಾರೆ ನೋಡಿ ಅಂಕಲ್. ಆ ದಿನ ಏನೆಲ್ಲ ನೋಡಿದ್ರಿ? ಫುಲ್ ಹೇಳಿ."

ಬೆಳಗಿನಿಂದ ಹೇಳುತ್ತ ಬಂದೆ. ಫೋಟೋ ತೆಗೆದಲ್ಲಿಗೆ ನಿಲ್ಲಿಸಿದೆ.

"ಆಮೇಲೆ?"

"ಹೋಟೆಲಿಗೆ ಬಂದ್ವಿ."

ಅವಳು ಫೋನು ಕೆಳಗಿಟ್ಟಳು. "ಅವರ ಕಾಲು ಯಾವಾಗ ಹಾಳಾಯ್ತು ಅಂಕಲ್? ಅಮ್ಮನಿಗೂ ಗೊತ್ತಿಲ್ಲ. ನಿಮ್ಗೆ ಗೊತ್ತಿತ್ತಾ?"

ಹೇಳಿದರೆ ತನ್ನ ಪರೀಕ್ಷೆಯನ್ನು ಅವಳು ಜೀವನವಿಡೀ ಹೊರಬೇಕು. ಹೇಳದಿದ್ದರೆ ತಪ್ಪಿಸಿಕೊಳ್ಳುವವನು ನಾನು. ಯಾವುದಕ್ಕೆ ಹೆದರಿದೆನೋ ನನಗೇ ಸ್ಪಷ್ಟವಿಲ್ಲ.

"ಗೊತ್ತಿರಲಿಲ್ಲಮ್ಮ," ಎಂದೆ.

ಅವಳು ತಲೆಯಾಡಿಸಿ, ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಉಂಡೆ.