ಅಕ್ಕಯ್ಯಮ್ಮ ಕಳಿಸಿದ ಅವರೆ

ಊರಿಗೆ ಊರೇ ನೆಲದಡಿಯ ಚಿನ್ನದ ಹಿಂದೆ ಬಿದ್ದಿದ್ದಾಗ ಕ್ಯಾಸಂಬಳ್ಳಿಯ ಕೋದಂಡಪ್ಪ ಅವರೆಕಾಳಿನ ಬೆನ್ನು ಹತ್ತಿದ್ದ. ಬೆಂಗಳೂರಿನಲ್ಲಿ ರಸಾಯನಶಾಸ್ತ್ರ ಓದಿ ಬಂದವನು, 1938ರಲ್ಲಿ ಚಿನ್ನದ ಗಣಿಯೂರಾದ ರಾಬರ್ಟ್‌ಸನ್‌ಪೇಟೆಯ ಬಾಡಿಗೆ ಮನೆಯ ಹಿತ್ತಲಲ್ಲೇ ತಗಡಿನ ಪ್ರಯೋಗಶಾಲೆ ಕಟ್ಟಿಕೊಂಡಿದ್ದ. ತಿಂದದ್ದನ್ನು ಕರಗಿಸುವ ಕಿಣ್ವವನ್ನು ಹಾಲಿಗೆ ಬೆರೆಸಿದರೆ ಹಾಲು ತಿಳಿಯಾಗುತ್ತಿತ್ತು. ಜೊತೆಗೆ ಹಸಿ ಅವರೆಯ ರಸ ಸೇರಿಸಿದರೆ ಮಾತ್ರ ಬೆಳ್ಳಗೇ ಉಳಿಯುತ್ತಿತ್ತು. ಕಾಳಿನೊಳಗಿನ ಯಾವುದೋ ವಸ್ತು ಕಿಣ್ವದ ಕೈ ಕಟ್ಟಿಹಾಕುತ್ತಿದೆ ಎಂದು ಅವನು ಕುಣಿದಾಡಿದ.

ಅವರೆಯ ಕಾಲ ಮುಗಿದ ಮೇಲೆ ತಾಯಿ ಅಕ್ಕಯ್ಯಮ್ಮ ಊರಿಂದ ಒಣಕಾಳು ಕಳಿಸಿದಳು. ಅದರ ರಸ ಹಾಕಿದರೆ ಹಾಲು ತಿಳಿಯಾಗಿಬಿಟ್ಟಿತು. ನಲವತ್ತು ಸಲ ಮಾಡಿದರೂ ಅಷ್ಟೇ. ಕಾಳು ಒಣಗಿದರೆ ಆ ವಸ್ತು ಸಾಯುತ್ತದೆ ಎಂದು ಪ್ರಬಂಧ ಬರೆದು, ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ತಾಯಿಯೇ ಬಂದಳು.

"ಕಾಳು ಚೆನ್ನಾಗಿದ್ವೇನ್ಲಾ? ಚಿಕ್ಕೋನಿದ್ದಾಗ ಅಸಿಕಾಳು ತಿಂದು ಒಟ್ಟೆನೋವು ಅಂತ ಒದ್ದಾಡಿದ್ಯಲ್ಲ, ಅದಕ್ಕೇ ಬೇಯ್ಸಿ ಒಣಗಿಸಿ ಕಳಿಸ್ದೆ."

ಬೇರೆ ಯಾರಾದರೂ ಆಗಿದ್ದರೆ ಲಕೋಟೆಯನ್ನು ಸದ್ದಿಲ್ಲದೆ ಅಂಚೆಗೆ ಹಾಕಿ ಕೈತೊಳೆದುಕೊಳ್ಳುತ್ತಿದ್ದರು. ಕೋದಂಡಪ್ಪ ಅದನ್ನು ಒಲೆಗೆ ಹಾಕಿದ. ಬೇಯಿಸದ ಒಣಕಾಳು ತರಿಸಿಕೊಂಡು ಮೊದಲಿನಿಂದ ಶುರುಮಾಡಿದ. ಹಾಲು ಬೆಳ್ಳಗೇ ಉಳಿಯಿತು. ಆ ವಸ್ತುವನ್ನು ಕೊಂದದ್ದು ಬಿಸಿಲಲ್ಲ, ಬೆಂಕಿ. ಅದನ್ನು ತೋರಿಸಿಕೊಡುವ ಪ್ರಯೋಗವನ್ನು ಅವನಿಗಿಂತ ಮೊದಲೇ ಒಬ್ಬರು ಒಲೆಯ ಮುಂದೆ ಕೂತು ಮಾಡಿ ಮುಗಿಸಿದ್ದರು.

ಎರಡು ವರ್ಷದ ನಂತರ ಹೊಸ ಪ್ರಬಂಧ ಅಚ್ಚಾಗಿ ಬಂತು. ತಲೆಬರಹದ ಕೆಳಗೆ ಎರಡು ಹೆಸರಿದ್ದವು. ಮೊದಲನೆಯದು ಅಕ್ಕಯ್ಯಮ್ಮನದು.