ಮಾಪಕದ ಮಾತು ಮುಗಿಯುವ ತನಕ

“ಬಲ್ಬ್ ಬದಲಾಯಿಸೋ ಕೈಗೆ ಪ್ರೋಗ್ರಾಮ್ ಬೇರೆ ಕೇಡು! ಆ ಟೆಸ್ಟರ್ ಜೇಬಲ್ಲಿಟ್ಕೊಂಡು ಸುಮ್ಮನೆ ನಿಂತ್ಕೋ.”

ಹಾಲಿನ ಘಟಕದ ಮ್ಯಾನೇಜರ್ ಹೀಗೆ ಹೇಳಿದ್ದು ಇಪ್ಪತ್ತು ದಿನಗಳ ಹಿಂದೆ, ಬೆಳಗಿನ ಐದೂವರೆಗೆ, ಪಾಳಿ ಬದಲಾಗುವಾಗ, ಹನ್ನೊಂದು ಜನರ ಎದುರು. ಹೇಳಿಸಿಕೊಂಡವರು ಘಟಕದ ಎಲೆಕ್ಟ್ರಿಷಿಯನ್. ಕೆಲವರು ನಕ್ಕರಂತೆ. ಯಾರ್ಯಾರು ಎಂದು ಇಲ್ಲಿ ಬರೆಯುವ ಆಸೆ ನನಗಿತ್ತು. ಬೇಡ ಎಂದವರು ಆ ಎಲೆಕ್ಟ್ರಿಷಿಯನ್ನೇ.

ಟೆಸ್ಟರ್ ಸದಾ ಜೇಬಿನಲ್ಲಿರುವುದರಿಂದ ಎಲ್ಲರ ಬಾಯಲ್ಲೂ ಅವರು ಟೆಸ್ಟರಣ್ಣ. ಅಂದು ಅವರು ಹೇಳಹೊರಟಿದ್ದು ಇಷ್ಟು: “ಸಾರ್, ತಪ್ಪು ಅಕ್ಕಂದಲ್ಲ, ಬಿಸಿ ನೋಡೋ ಮಾಪಕದ...” ಮುಂದಿನದನ್ನು ಕೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

ಅಕ್ಕ ಎಂದರೆ ಹಾಲು ಕಾಯಿಸುವ ಯಂತ್ರವನ್ನು ಹತ್ತೊಂಬತ್ತು ವರ್ಷಗಳಿಂದ ನೋಡಿಕೊಳ್ಳುತ್ತಿರುವ ಹೆಂಗಸು. ಇಲ್ಲಿ ಹಾಲು ಎಪ್ಪತ್ತೆರಡು ಡಿಗ್ರಿ ದಾಟಬೇಕು. ದಾಟದಿದ್ದರೆ ವಾಲ್ವ್ ತಾನಾಗಿ ಹೊರಳಿ ಹಾಲನ್ನು ಹಿಂದಕ್ಕೆ ಕಳಿಸುತ್ತದೆ, ಪರದೆಯ ಮೇಲೆ ‘ಬಿಸಿ ಸಾಲದು’ ಎಂದು ಕೆಂಪು ಗುರುತು ಬೀಳುತ್ತದೆ. ಎರಡು ತಿಂಗಳಿಂದ ಈ ಗುರುತು ದಿನಕ್ಕೆ ಹತ್ತು ಹನ್ನೆರಡು ಸಲ ಬೀಳುತ್ತಿತ್ತು. ಅಕ್ಕ ತೂಕಡಿಸುತ್ತಾರೆ ಎಂದು ತಣ್ಣನೆಯ ಕಚೇರಿಯಲ್ಲಿ ಕೂತವರು ತೀರ್ಮಾನಿಸಿದರು. ಎರಡು ನೋಟಿಸ್ ಕೊಟ್ಟಾಗಿತ್ತು. ಮೂರನೆಯದು ಬಂದರೆ ಮನೆಗೆ.

ಅವರ ಬಗ್ಗೆ ಬರೆಯಲೆಂದು ನಾನು ಹೋದಾಗ ಬೆಳಗಿನ ನಾಲ್ಕೂಮುಕ್ಕಾಲು. ಪ್ಯಾನೆಲ್ ಕೋಣೆ ಎರಡು ಬೀರು ನಿಲ್ಲಿಸುವಷ್ಟು ಅಗಲ. ಟೆಸ್ಟರಣ್ಣ ಹಾಲಿನ ಕ್ರೇಟ್ ಬೋರಲು ಹಾಕಿ ಕೂತಿದ್ದಾರೆ. ತೊಡೆಯ ಮೇಲೆ ಹಳೇ ಲ್ಯಾಪ್‌ಟಾಪ್. ಅದರ ಮುರಿದ ಕೀಲಿಗೆ ಕಪ್ಪು ಟೇಪು. ಪಕ್ಕದಲ್ಲಿ ಒಂದು ನೋಟ್‌ಬುಕ್. ಮಾಪಕ ಕಳಿಸುವ ಉತ್ತರಗಳನ್ನು ಅವರು ಅದರಲ್ಲಿ ಬಂದ ಹಾಗೇ, ಅಕ್ಷರ ಅಕ್ಷರ ಇಳಿಸುತ್ತಾರೆ. ಖಾಲಿ ಜಾಗಕ್ಕೆ ಚುಕ್ಕೆ, ಸಾಲು ಮುಗಿದದ್ದಕ್ಕೆ ಬಾಣ. ಆ ಬಾಣವೇ ಈ ಕತೆಯ ಜೀವ.

“ಈ ಸ್ಕ್ರಿಪ್ಟು, ಅಂದ್ರೆ ಯಂತ್ರ ನಡ್ಸೋ ಪ್ರೋಗ್ರಾಮು, ಸೆಕೆಂಡಿಗೊಂದ್ಸಲ ಮಾಪಕಾನ ಕೇಳತ್ತೆ, ಎಷ್ಟು ಬಿಸಿ ಅಂತ. ದಿನಕ್ಕೆ ಎಂಬತ್ತಾರು ಸಾವಿರದ ನಾನೂರು ಸಲ. ನನ್ನ ಹೆಂಡ್ತೀನೂ ಅಷ್ಟು ಪ್ರಶ್ನೆ ಕೇಳಲ್ಲ ಬಿಡಿ,” ಎಂದು ನಗುತ್ತಾರೆ. “ಉತ್ತರ ಒಂದೊಂದೇ ಅಕ್ಷರವಾಗಿ ತಂತೀಲಿ ಬರತ್ತೆ. ಕೊನೇಲಿ ‘ಮುಗೀತು’ ಅನ್ನೋ ಗುರುತು. ಇದನ್ನ ಬರೆದ ಪುಣ್ಯಾತ್ಮ ಆ ಗುರುತಿಗೆ ಕಾಯ್ತಾನೇ ಇರಲಿಲ್ಲ. ಒಂಚೂರು ಹೊತ್ತು ನೋಡೋದು, ಸಿಕ್ಕಿದ್ದನ್ನ ಬಾಚ್ಕೊಂಡು ಓಡೋದು.”

ಹಳೆಯ ಮಾಪಕ ಚುರುಕು, ನಡೆದುಹೋಗುತ್ತಿತ್ತು. ಎರಡು ತಿಂಗಳ ಹಿಂದೆ ಬಂದ ಹೊಸದು ನಡುನಡುವೆ ಉಸಿರು ತೆಗೆದುಕೊಳ್ಳುತ್ತದೆ. ನೋಟ್‌ಬುಕ್ಕಿನ ಹದಿನಾಲ್ಕನೇ ಪುಟದಲ್ಲಿದೆ: ‘+07’. ಕೆಳಗಿನ ಸಾಲಿನಲ್ಲಿ ‘4.2’, ಆಮೇಲೆ ಬಾಣ. ಎರಡನ್ನೂ ಸೇರಿಸಿ ಓದಿದರೆ 74.2. ಎಪ್ಪತ್ನಾಲ್ಕು ಡಿಗ್ರಿ ಎಂದು ಮಾಪಕ ಹೇಳಿ ಮುಗಿಸುವ ಮುಂಚೆಯೇ ಸ್ಕ್ರಿಪ್ಟು ಏಳು ಎಂದುಕೊಂಡಿದೆ. ಉಳಿದ ಚೂರನ್ನು ಮುಂದಿನ ಪ್ರಶ್ನೆಯ ಉತ್ತರವೆಂದು ನಂಬಿದೆ.

“ಒಂದು ಸೆಕೆಂಡಲ್ಲಿ ಎಪ್ಪತ್ನಾಲ್ಕು ಏಳಕ್ಕಿಳಿಯತ್ತಾ? ಹಾಲನ್ನ ಮಂಜುಗಡ್ಡೆ ಮೇಲೆ ಸುರಿದ್ರೂ ಇಳಿಯಲ್ಲ. ಆದ್ರೆ ಪರದೇಲಿ ಅಂಕಿ ಕಾಣ್ಸಲ್ಲ, ಬರೀ ಕೆಂಪು. ಕೆಂಪು ಕಂಡ್ರೆ ಅಕ್ಕನ್ನ ಬೈಯೋದು.”

ಪದವಿಗಿದವಿ ಇಲ್ಲ ಅವರಿಗೆ. ಯಂತ್ರ ಕೂರಿಸಿದವರು ಬಿಟ್ಟುಹೋದ ಕಾಗದಗಳನ್ನು ನಾಲ್ಕು ವರ್ಷ ಊಟದ ಬಿಡುವಿನಲ್ಲಿ ನಕಲು ಮಾಡಿ ಮಾಡಿ ಕಲಿತರು. ಕಾಯುವುದನ್ನು ಮಾತ್ರ ಮನೆಯಲ್ಲೇ ಕಲಿತರು. ಅವರ ಅಣ್ಣನಿಗೆ ಮಾತು ತೊದಲುತ್ತದೆ. “ಅವನು ಎರಡಕ್ಷರ ಹೇಳೋದ್ರಲ್ಲಿ ಊರೋರೆಲ್ಲ ಉಳಿದಿದ್ದನ್ನ ತಾವೇ ಹೇಳಿ ಮುಗಿಸೋರು. ಮುಕ್ಕಾಲು ಪಾಲು ತಪ್ಪೇ. ಅವನು ‘ಹೂಂ’ ಅಂದು ಸುಮ್ಮನಾಗೋನು. ನಾನೊಬ್ಬ ಕಾಯ್ತಿದ್ದೆ.”

ನೋಟ್‌ಬುಕ್ಕನ್ನು ಕೊನೆಯ ಪುಟದವರೆಗೂ ಓದಿದವರು ಪ್ರಯೋಗಾಲಯದ ಮೇಡಂ ಒಬ್ಬರೇ. ಟೆಸ್ಟರಣ್ಣ ತಿದ್ದಿದ ಸ್ಕ್ರಿಪ್ಟನ್ನು ಏಳು ದಿನ ಪ್ರಯೋಗಕ್ಕೆ ಬಿಟ್ಟು ನೋಡೋಣ ಎಂದು ತಮ್ಮ ಹೊಣೆಯಲ್ಲಿ ಸಹಿ ಹಾಕಿದರು. ಅರ್ಧ ಗಂಟೆಗೊಮ್ಮೆ ಕೈಯಿಂದಲೂ ಬಿಸಿ ಅಳೆಸಿದರು. ಕೆಂಪು ನಿಂತರೆ ನೋಟಿಸ್ ರದ್ದು, ನಿಲ್ಲದಿದ್ದರೆ ಅಕ್ಕನಿಗೆ ಮೂರನೆಯದು. ಟೆಸ್ಟರಣ್ಣ ತಿದ್ದಿದ್ದು ಒಂಬತ್ತು ಸಾಲು. ಕೇಳುವ ಮುಂಚೆ ತಂತಿಯಲ್ಲಿ ಉಳಿದ ಚೂರುಪಾರು ಗುಡಿಸಿಹಾಕು. ‘ಮುಗೀತು’ ಗುರುತು ಬರುವ ತನಕ ಕಾಯಿ. ಬರದಿದ್ದರೆ ಅರ್ಧ ಉತ್ತರವನ್ನು ಎಸೆದು ಮತ್ತೆ ಕೇಳು. ಮೂರು ಸಲವೂ ಬರದಿದ್ದರೆ ಹಾಲು ಹಿಂದಕ್ಕೆ ಕಳಿಸಿ ಕೂಗು ಹಾಕು, ಆದರೆ ‘ಬಿಸಿ ಸಾಲದು’ ಎನ್ನಬೇಡ, ‘ಮಾಪಕ ಮಾತಾಡುತ್ತಿಲ್ಲ’ ಎನ್ನು.

ಇವತ್ತು ಏಳನೇ ದಿನ. ಐದೂಕಾಲಿಗೆ ಅಕ್ಕ ಪ್ಯಾನೆಲ್ ಕೋಣೆಗೆ ಇಣುಕುತ್ತಾರೆ. “ಕೆಂಪು ಏನಾದ್ರೂ ಬಿತ್ತೇನೋ?”

“ನಿನ್ನ ಕಣ್ಣು ಬಿತ್ತು ಅಷ್ಟೇ. ಹೋಗಕ್ಕ, ಹಬೆ ನೋಡು.”

ಏನಾದರೂ ಆಸೆಯಿದೆಯಾ ಎಂದು ಟೆಸ್ಟರಣ್ಣನನ್ನು ಕೇಳುತ್ತೇನೆ. “ಸ್ಕ್ರಿಪ್ಟಿನ ತಲೇಲಿ ಒಂದು ಸಾಲು ಬರೆದಿಟ್ಟಿದೀನಿ, ‘ಗುರುತು ಬರೋ ತನಕ ಕಾಯಿರಿ’ ಅಂತ. ಮುಂದೆ ಬರೋರು ಅಳಿಸದಿದ್ರೆ ಸಾಕು.”

ಐದೂವರೆ. ಮತ್ತೆ ಪಾಳಿ ಬದಲಾಗುವ ಹೊತ್ತು, ಹೊರಗೆ ಯಂತ್ರದ ಎದುರು ಅದೇ ಹನ್ನೊಂದು ಜನ. ಮೇಡಂ ಏಳು ದಿನದ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಾರೆ: ಕೆಂಪು ಗುರುತು ಒಂದೂ ಇಲ್ಲ, ಕೈಯಳತೆಯಲ್ಲೂ ಹಾಲು ಎಪ್ಪತ್ಮೂರಕ್ಕಿಂತ ಕೆಳಗಿಳಿದಿಲ್ಲ. ನೋಟಿಸ್ ಎರಡೂ ರದ್ದು. ಅಕ್ಕ ಅಲ್ಲೇ ಕ್ರೇಟಿನ ಮೇಲೆ ಕೂತು ನಗುತ್ತಾರೆ, ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಗುತ್ತಾರೆ. ಯಾರೋ ಅವರಿಗೆ ನೀರು ತರಲು ಓಡುತ್ತಾರೆ. ಎರಡು ತಿಂಗಳಲ್ಲಿ ಈ ಘಟಕ ಇಷ್ಟು ಸಲೀಸಾಗಿ ಉಸಿರಾಡಿದ್ದು ಇದೇ ಮೊದಲಿರಬೇಕು.

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಅನ್ನುತ್ತಾರೆ: “ಅಲ್ಲಯ್ಯಾ, ಇಷ್ಟೆಲ್ಲ ಗೊತ್ತಿದ್ದೋನು ಅವತ್ತೇ ಯಾಕೆ ಬಾಯಿ ಬಿಡಲಿಲ್ಲ?”

ಹನ್ನೊಂದು ತಲೆಗಳೂ ಟೆಸ್ಟರಣ್ಣನ ಕಡೆ ತಿರುಗುತ್ತವೆ. ಅವರು ಮ್ಯಾನೇಜರ್ ಮಾತು ಪೂರ್ತಿ ಮುಗಿಯಿತೋ ಇಲ್ಲವೋ ಎಂದು ಒಂದು ಗಳಿಗೆ ಕಾಯುತ್ತಾರೆ. ಮುಗಿದಿದೆ. ಟೆಸ್ಟರನ್ನು ಜೇಬಿಗೆ ಸಿಕ್ಕಿಸಿ, ನೋಟ್‌ಬುಕ್ಕನ್ನು ಕಂಕುಳಲ್ಲಿಟ್ಟುಕೊಂಡು, ತೊಳೆದ ನೆಲದ ಮೇಲೆ ಜಾರದಂತೆ ನಿಧಾನವಾಗಿ ಹೆಜ್ಜೆಯಿಡುತ್ತ ಸೈಕಲ್ ನಿಲ್ಲಿಸಿದ ಕಡೆಗೆ ನಡೆಯುತ್ತಾರೆ.